ಫಿನ್ಲೆಂಡಿನ ಮಾಸ್ತರ, ನಮ್ಮ ತೋಟದ ಸಾಲಿ

ಫಿನ್ಲೆಂಡಿನ ಶಾಲೆಗಳ ಕುರಿತು ಕನ್ನಡದಲ್ಲಿ ಬರುವ ಲೇಖನಗಳಿಗೆ ಈಗ ಒಂದು ಅಚ್ಚು ಸಿದ್ಧವಾಗಿದೆ. ಏಳನೇ ವರ್ಷದವರೆಗೆ ಶಾಲೆಯಿಲ್ಲ, ಹೋಮ್‌ವರ್ಕ್ ಕಡಿಮೆ, ಪರೀಕ್ಷೆಯಿಲ್ಲ, ಆಟಕ್ಕೆ ಬಿಡುವು ಹೆಚ್ಚು, ಊಟ ಉಚಿತ. ಆದರೂ ಜಗತ್ತಿಗೇ ಮೊದಲು. ಕೊನೆಯಲ್ಲಿ ಒಂದು ನಿಟ್ಟುಸಿರು: ನಮ್ಮಲ್ಲಿ ಇದೆಲ್ಲ ಯಾವಾಗ? ಓದಿ ಮುಗಿಸಿದ ಮೇಲೆ ಅಜ್ಜಿಯ ಕತೆ ಕೇಳಿದ ಸುಖವಿರುತ್ತದೆ. ಏಳು ಸಮುದ್ರದಾಚೆಯ ಆ ರಾಜ್ಯದಲ್ಲಿ ಎಲ್ಲರೂ ಜಾಣರು, ಯಾರಿಗೂ ದಣಿವಿಲ್ಲ. ಕತೆಯಾಗಿ ಇದು ಚೆನ್ನಾಗಿದೆ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಒಂದು ಶಾಲೆಗೆ ಇದರಿಂದ ಏನು ದಕ್ಕೀತು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಮೊದಲು ಕತೆಯನ್ನೇ ತುಸು ಸರಿಪಡಿಸೋಣ. ಫಿನ್ಲೆಂಡಿನಲ್ಲಿ ಪರೀಕ್ಷೆ ಇದೆ. ಒಂಬತ್ತು ವರ್ಷಗಳ ಮೂಲಶಿಕ್ಷಣದ ಕೊನೆಗೆ ದೇಶಕ್ಕೆಲ್ಲ ಒಂದೇ ಪರೀಕ್ಷೆಯಿಲ್ಲ, ನಿಜ. ಆದರೆ ಪದವಿಪೂರ್ವ ಹಂತದ ಕೊನೆಗೆ ರಾಷ್ಟ್ರಮಟ್ಟದ ಮೆಟ್ರಿಕ್ಯುಲೇಶನ್ ಪರೀಕ್ಷೆ ಇದ್ದೇ ಇದೆ. ಇನ್ನು ‘ಜಗತ್ತಿಗೇ ಮೊದಲು’ ಎಂಬ ಮಾತು 2000ದ ಪೀಸಾ ಪರೀಕ್ಷೆಯ ಕಾಲದ್ದು. ಗಣಿತದಲ್ಲಿ 2006ರಲ್ಲಿ 548 ಇದ್ದ ಫಿನ್ಲೆಂಡಿನ ಸರಾಸರಿ ಅಂಕ 2022ಕ್ಕೆ 484ಕ್ಕೆ ಇಳಿದಿದೆ. ಓದಿನಲ್ಲೂ ಅಂಥದ್ದೇ ಇಳಿತ. ಅಲ್ಲಿನವರು ಈ ಬಗ್ಗೆ ಗಂಭೀರವಾಗಿ ಚರ್ಚಿಸುತ್ತಿರುವಾಗ ನಾವಿನ್ನೂ ಇಪ್ಪತ್ತು ವರ್ಷ ಹಿಂದಿನ ಸುದ್ದಿಗೆ ಚಪ್ಪಾಳೆ ತಟ್ಟುತ್ತಿದ್ದೇವೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಈ ಲೇಖನಗಳಲ್ಲಿ ಮಾಸ್ತರ ಇಲ್ಲ. ‘ಅಲ್ಲಿ ಶಿಕ್ಷಕರಿಗೆ ಬಹಳ ಗೌರವ’ ಎಂಬ ಒಂದು ವಾಕ್ಯದಲ್ಲಿ ಅವನನ್ನು ಮುಗಿಸಿಬಿಡುತ್ತೇವೆ. ಆ ಗೌರವ ಎಲ್ಲಿಂದ ಬಂತು? 1970ರ ದಶಕದಲ್ಲಿ ಫಿನ್ಲೆಂಡ್ ತನ್ನ ಶಿಕ್ಷಕ ತರಬೇತಿಯನ್ನು ಹಳೆಯ ಸೆಮಿನರಿಗಳಿಂದ ತೆಗೆದು ವಿಶ್ವವಿದ್ಯಾಲಯಗಳಿಗೆ ಒಪ್ಪಿಸಿತು. 1979ರಲ್ಲಿ ಒಂದನೇ ತರಗತಿಗೆ ಕಲಿಸುವವರಿಗೂ ಸ್ನಾತಕೋತ್ತರ ಪದವಿ ಬೇಕೆಂದಿತು. ಐದು ವರ್ಷದ ಓದು, ಕೊನೆಗೆ ಸ್ವಂತ ಸಂಶೋಧನೆಯ ಪ್ರಬಂಧ. ಪಾಠ ಮಾಡಿ ಕಲಿಯಲು ವಿಶ್ವವಿದ್ಯಾಲಯಕ್ಕೆ ಸೇರಿದ ಶಾಲೆಗಳೇ ಇವೆ. ಪಾಠ ಮುಗಿದ ಮೇಲೆ ಹಿರಿಯ ಶಿಕ್ಷಕರೊಂದಿಗೆ ಕುಳಿತು ಅದರ ಚರ್ಚೆಯೂ ನಡೆಯುತ್ತದೆ. ಹೀಗೆ ತಯಾರಾದವರ ಮೇಲೆ ಭರವಸೆ ಇಟ್ಟೇ 1990ರ ದಶಕದ ಆರಂಭದಲ್ಲಿ ಶಾಲಾ ತಪಾಸಣೆಯನ್ನೂ ಪಠ್ಯಪುಸ್ತಕಗಳ ಸರಕಾರಿ ಪರಿಶೀಲನೆಯನ್ನೂ ಕೈಬಿಟ್ಟರು. ಈ ಕ್ರಮ ಗಮನಿಸಬೇಕು: ಮೊದಲು ತಯಾರಿ, ಆಮೇಲೆ ಸ್ವಾತಂತ್ರ್ಯ. ನಮ್ಮ ಲೇಖನಗಳು ಸ್ವಾತಂತ್ರ್ಯವನ್ನಷ್ಟೇ ವರ್ಣಿಸಿ ತಯಾರಿಯನ್ನು ಮರೆಯುತ್ತವೆ.

‘ಅದು ಪುಟ್ಟ ದೇಶ, ಶ್ರೀಮಂತ ದೇಶ, ನಮಗೆ ಅದರ ಹೋಲಿಕೆ ಯಾಕೆ’ ಎನ್ನುವವರಿದ್ದಾರೆ. ಪುಟ್ಟದು ಎಂಬುದನ್ನೇ ಹಿಡಿದು ನೋಡೋಣ. ಫಿನ್ಲೆಂಡಿನ ಜನಸಂಖ್ಯೆ ಸುಮಾರು 56 ಲಕ್ಷ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯೊಂದರದೇ 47.79 ಲಕ್ಷ. ಅಂದರೆ ಫಿನ್ಲೆಂಡ್ ನಮ್ಮ ಒಂದು ಜಿಲ್ಲೆಗಿಂತ ತುಸು ದೊಡ್ಡದು, ಅಷ್ಟೇ. ಶ್ರೀಮಂತಿಕೆಯ ಮಾತೂ ಇಂದಿನದು. 1866ರಿಂದ 68ರವರೆಗಿನ ಬರದಲ್ಲಿ ಆ ದೇಶ ತನ್ನ ನೂರು ಜನರಲ್ಲಿ ಸುಮಾರು ಎಂಟು ಜನರನ್ನು ಕಳೆದುಕೊಂಡಿತ್ತು. ಫಿನ್ನಿಶ್ ಭಾಷೆಯ ಮೊದಲ ಶಿಕ್ಷಕ ಸೆಮಿನರಿ ಯುವಾಸ್ಕ್ಯುಲಾ ಎಂಬ ಊರಿನಲ್ಲಿ ತೆರೆದದ್ದು ಆ ಬರಕ್ಕಿಂತ ಮೂರೇ ವರ್ಷ ಮೊದಲು, 1863ರಲ್ಲಿ.

ಅದೇ ದಶಕದ ಕೊನೆಗೆ, 1870ರಲ್ಲಿ, ಅಲೆಕ್ಸಿಸ್ ಕಿವಿ ‘ಏಳು ಸಹೋದರರು’ ಕಾದಂಬರಿ ಬರೆದ. ಹೆಸರು ನಮಗೆ ನಗು ತರಿಸಬಹುದು. ಅವರ ಭಾಷೆಯಲ್ಲಿ ಕಿವಿ ಎಂದರೆ ಕಲ್ಲು. ಫಿನ್ನಿಶ್ ಭಾಷೆಯ ಈ ಮೊದಲ ದೊಡ್ಡ ಕಾದಂಬರಿಯಲ್ಲಿ ಅಣ್ಣತಮ್ಮಂದಿರು ಅಕ್ಷರ ಕಲಿಯಲು ಚರ್ಚಿನ ಗುಮಾಸ್ತನ ಮುಂದೆ ಕೂರಬೇಕು. ಓದು ಬಾರದವನಿಗೆ ಆ ಸಮಾಜದಲ್ಲಿ ಮದುವೆಯ ದಾರಿಯೂ ಇಲ್ಲ. ಗದರಿಕೆ, ಅವಮಾನ ತಾಳದೆ ಅವರು ಕಿಟಕಿ ಹಾರಿ ಕಾಡು ಸೇರುತ್ತಾರೆ. ಎಷ್ಟೋ ವರ್ಷಗಳ ಮೇಲೆ, ಅದೇ ಕಾಡಿನ ಮನೆಯಲ್ಲಿ, ತಮ್ಮ ಮನಸ್ಸಿನಿಂದಲೇ ಓದು ಕಲಿಯುತ್ತಾರೆ. ಕಿವಿಯ ಹಾಸ್ಯದೊಳಗೆ ಒಂದು ಗಟ್ಟಿ ತಿಳಿವಳಿಕೆ ಇದೆ: ಓಡಿಹೋದ ಹುಡುಗರು ದಡ್ಡರಲ್ಲ, ಅವರ ಮುಂದೆ ಕುಳಿತವನಿಗೆ ಕಲಿಸಲು ಬರುತ್ತಿರಲಿಲ್ಲ. ಇಂದು ಹೊಗಳಿಸಿಕೊಳ್ಳುವ ಫಿನ್ಲೆಂಡಿನ ಹಿಂದೆ ಇಂಥ ಸಾಲಿಯೂ ಇತ್ತು ಎಂಬುದು ನಮ್ಮ ಲೇಖನಗಳಿಗೆ ಗೊತ್ತಿಲ್ಲ.

ಅದೇ 1860ರ ದಶಕದಲ್ಲಿ ನಮ್ಮ ಸೀಮೆ ಎಲ್ಲಿತ್ತು? ಅಲ್ಲಿ ಕಚೇರಿಯೂ ವಿದ್ಯೆಯೂ ಸ್ವೀಡಿಶ್ ಭಾಷೆಯಲ್ಲಿ ನಡೆಯುತ್ತಿದ್ದಂತೆ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಧಾರವಾಡಗಳಲ್ಲಿ ಮರಾಠಿಯದೇ ಮೇಲುಗೈ. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದದ್ದು ಆಗಲೇ. ಧಾರವಾಡದ ಶಿಕ್ಷಕ ತರಬೇತಿ ಶಾಲೆಯ ಮುಖ್ಯಸ್ಥರಾಗಿದ್ದ ಅವರು ಆಮೇಲೆ ಶಿಕ್ಷಣ ಇಲಾಖೆಯ ಡೆಪ್ಯುಟಿ ಆದರು. ಶೇಕ್ಸ್‌ಪಿಯರನ ನಾಟಕವನ್ನೂ ಕನ್ನಡಕ್ಕೆ ತಂದರು. ಶಿಕ್ಷಕರಿಗಾಗಿಯೇ ‘ಮಠಪತ್ರಿಕೆ’ ಹೊರಟದ್ದೂ ಅದೇ ದಶಕದಲ್ಲಿ. ಅಯ್ಯನವರ ಮಠವೇ ಊರ ಸಾಲಿಯಾಗಿದ್ದ ಕಾಲದ ಹೆಸರು ಅದು. ಆ ಪತ್ರಿಕೆಯ ವಂಶ ಧಾರವಾಡದ ‘ಜೀವನ ಶಿಕ್ಷಣ’ ಮಾಸಿಕದವರೆಗೆ ಬಂದಿದೆ. ಮಾಸ್ತರನೆಂದರೆ ಓದುವ, ಬರೆಯುವ, ಅನುವಾದಿಸುವ ಮನುಷ್ಯ ಎಂಬ ಕಲ್ಪನೆ ನಮಗೆ ಹೆಲ್ಸಿಂಕಿಯಿಂದ ಬರಬೇಕಾಗಿರಲಿಲ್ಲ. ನಮ್ಮಲ್ಲೇ ಇತ್ತು.

ಹಾಗಾದರೆ ದಾರಿ ಬೇರೆಯಾದದ್ದು ಎಲ್ಲಿ? ಅಲ್ಲಿ ಪ್ರಾಥಮಿಕ ಶಿಕ್ಷಕನ ಓದು ಸೆಮಿನರಿಯಿಂದ ವಿಶ್ವವಿದ್ಯಾಲಯಕ್ಕೆ ಏರಿತು. ನಮ್ಮಲ್ಲಿ ಅದು ಪಿಯುಸಿ ನಂತರದ ಎರಡು ವರ್ಷದ ಡಿಪ್ಲೊಮಾದಲ್ಲೇ ಬಹುಕಾಲ ನಿಂತಿತು. ಒಂದು ಕಾಲಕ್ಕೆ ಡಿ.ಎಡ್ ಎಂದರೆ ನೌಕರಿಯ ಚೀಟಿ ಎಂದು ಊರೂರಿಗೆ ಕಾಲೇಜುಗಳೆದ್ದವು. ನೇಮಕಾತಿ ನಿಂತಾಗ ಅವೇ ಕಾಲೇಜುಗಳು ಹುಡುಗರಿಲ್ಲದೆ ಬಾಗಿಲು ಹಾಕಿದವು. ಎದ್ದದ್ದೂ ಬಿದ್ದದ್ದೂ ನೌಕರಿಯ ಲೆಕ್ಕದಲ್ಲಿ. ಕಲಿಸುವ ವಿದ್ಯೆಯ ಲೆಕ್ಕ ಯಾರೂ ಇಡಲಿಲ್ಲ. ಈಗ ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು ಬರುತ್ತಾರೆ, ವರ್ಷ ಮುಗಿದರೆ ಹೋಗುತ್ತಾರೆ. ಪ್ರತಿ ಜೂನಿನಲ್ಲೂ ಹೊಸದಾಗಿ ಕರೆಸಿಕೊಳ್ಳಬೇಕಾದವರಿಗೆ ಅತಿಥಿ ಎಂಬ ಹೆಸರೇ ಒಂದು ವ್ಯಂಗ್ಯ.

ನಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆ ‘ನಲಿ-ಕಲಿ’. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲೂಕಿನ ಸರಕಾರಿ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿ ಬಂದರು. ತಮ್ಮ ಮಕ್ಕಳಿಗೆ ಹೊಂದುವಂತೆ ಕಲಿಕಾ ಕಾರ್ಡುಗಳನ್ನು ತಾವೇ ಕುಳಿತು ತಯಾರಿಸಿದರು. ಯಾವ ಮಗು ಎಲ್ಲಿ ತಡವರಿಸುತ್ತದೆ ಎಂದು ನೋಡಿ ಮಾಡಿದ ಆ ಕೆಲಸ ಫಿನ್ಲೆಂಡಿನವರು ಶಿಕ್ಷಕನಿಂದ ಬಯಸುವ ಸಂಶೋಧನೆಯೇ. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹರಡಿತು. ಗೋಕಾಕ, ಹುಕ್ಕೇರಿಗೆ ಬರುವಷ್ಟರಲ್ಲಿ ಅದು ಅಚ್ಚಾದ ಕಾರ್ಡು, ಕಲಿಕಾ ಏಣಿ, ತಟ್ಟೆಗಳ ಸಾಮಗ್ರಿಯಾಗಿತ್ತು. ಕೋಟೆಯ ಮಾಸ್ತರರು ಯೋಚಿಸಿ ಮುಟ್ಟಿದ ಉತ್ತರ ನಮ್ಮ ಮಾಸ್ತರರಿಗೆ ಬಂತು; ಯೋಚಿಸುವ ಅವಕಾಶ ಜೊತೆಗೆ ಬರಲಿಲ್ಲ.

ಆ ಅವಕಾಶ ಇಲ್ಲಿ ಎಷ್ಟು ಬೇಕು ಎಂಬುದಕ್ಕೆ ಈ ಮೂರು ತಾಲೂಕುಗಳ ತೋಟದ ಸಾಲಿಗಳೇ ಸಾಕ್ಷಿ. ನೀರಾವರಿ ಬಂದ ಮೇಲೆ ಜನ ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡರು; ಅವರ ಹಿಂದೆ ಸಾಲಿಯೂ ತೋಟಕ್ಕೆ ಬಂತು. ಒಬ್ಬರೋ ಇಬ್ಬರೋ ಶಿಕ್ಷಕರು, ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ. ಕಬ್ಬಿನ ಹಂಗಾಮು ಶುರುವಾದರೆ ಕಡಿಯುವ ಗ್ಯಾಂಗುಗಳು ಬಂದು ಗುಡಿಸಲು ಹಾಕುತ್ತವೆ. ಅವರ ಮಕ್ಕಳಲ್ಲಿ ಮರಾಠಿಯವರಿದ್ದಾರೆ, ಲಂಬಾಣಿಯವರಿದ್ದಾರೆ. ಈ ಮಕ್ಕಳನ್ನು ಯಾವ ತಟ್ಟೆಗೆ ಕೂರಿಸಬೇಕು ಎಂದು ಬೆಂಗಳೂರಿನ ಯಾವ ಸುತ್ತೋಲೆಯೂ ಹೇಳಲಾರದು. ಅಲ್ಲಿ ನಿಂತ ಅಕ್ಕೋರೇ ಹುಡುಕಬೇಕು.

ಕನ್ನಡದ ಮಕ್ಕಳದೂ ಸುಲಭದ ಲೆಕ್ಕವಲ್ಲ. ಪುಸ್ತಕದಲ್ಲಿ ‘ಹೋಗುತ್ತಾನೆ’ ಎಂದಿದೆ, ಹುಡುಗ ‘ಹೊಕ್ಕಾನ’ ಎಂದು ಓದುತ್ತಾನೆ. ತಿದ್ದುವುದನ್ನಷ್ಟೇ ಕಲಿತು ಬಂದವರಿಗೆ ಇದು ತಪ್ಪು. ಮಗುವಿನ ಓದನ್ನು ಗಮನಿಸಲು ಕಲಿತವರಿಗೆ ಇದು ಸುದ್ದಿ: ಹುಡುಗ ಅಕ್ಷರಕ್ಕೆ ಅಕ್ಷರ ಜೋಡಿಸುತ್ತಿಲ್ಲ, ಅರ್ಥ ಹಿಡಿದು ತನ್ನ ಮಾತಿನಲ್ಲಿ ಹೇಳುತ್ತಿದ್ದಾನೆ. ಅವನನ್ನು ಇಲ್ಲಿಂದ ಪುಸ್ತಕದ ಕನ್ನಡಕ್ಕೆ ಕರೆದೊಯ್ಯಬಹುದು. ಗದರಿದರೆ ಅವನೂ ಒಂದು ದಿನ ಕಿಟಕಿ ಹಾರುತ್ತಾನೆ. ಶಿಕ್ಷಕನಿಗೆ ಸಂಶೋಧನೆ ಯಾಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಕಾಣುತ್ತಿಲ್ಲ.

‘ಕ್ರಿಯಾ ಸಂಶೋಧನೆ’ ಎಂಬ ಮಾತು ನಮ್ಮ ತರಬೇತಿಯಲ್ಲೂ ಇದೆ. ಆದರೆ ಹಳೆಯ ವರದಿಗೆ ಹೊಸ ಹೊದಿಕೆ ಹಾಕಿ ಒಪ್ಪಿಸುವ ರೂಢಿ ಎಲ್ಲರಿಗೂ ಗೊತ್ತಿರುವ ಗುಟ್ಟು. ತಪ್ಪು ಶಿಕ್ಷಕರದೊಂದೇ ಅಲ್ಲ. ಓದುವವರೇ ಇಲ್ಲದ ವರದಿಯನ್ನು ಯಾರು ಮನಸ್ಸಿಟ್ಟು ಬರೆದಾರು? ಡೇಟಾ ಎಂಟ್ರಿ, ಗಣತಿ, ಚುನಾವಣೆ, ಮೊಟ್ಟೆಯ ಲೆಕ್ಕಗಳ ನಡುವೆ ಅದೂ ಒಂದು ಕಾಗದ.

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಈ ಮೂರು ವಲಯಗಳಲ್ಲಿ ನಾಳೆಯೇ ಐದು ವರ್ಷದ ಪದವಿ ತರಲಾಗದು. ಆದರೆ ಕ್ಲಸ್ಟರ್ ಮಟ್ಟದಲ್ಲಿ ಸಮಾಲೋಚನಾ ಸಭೆ ಎಂಬುದು ಈಗಾಗಲೇ ಇದೆ. ಅಲ್ಲಿ ಹೆಚ್ಚಾಗಿ ಸುತ್ತೋಲೆ ಓದುತ್ತಾರೆ, ಮಾಹಿತಿ ಕೇಳುತ್ತಾರೆ. ಅದರಲ್ಲಿ ಒಂದು ತಾಸು ಬಿಡಿಸಿ, ಒಬ್ಬ ಶಿಕ್ಷಕರು ಒಂದು ಮಗುವಿನ ಓದಿನ ಬಗ್ಗೆ ಮಾತಾಡಲಿ; ಉಳಿದವರು ಪ್ರಶ್ನೆ ಕೇಳಲಿ; ಡಯಟ್‌ನವರು ಬಂದು ಕುಳಿತು ಕೇಳಿಸಿಕೊಳ್ಳಲಿ. ಒಳ್ಳೆಯದನ್ನು ಅಚ್ಚು ಹಾಕಲಿ. ಹಾಕಲು ಪತ್ರಿಕೆಯೂ ಇದೆ. ಇದಕ್ಕೆ ಹೊಸ ಯೋಜನೆ ಬೇಡ, ಫಿನ್ಲೆಂಡಿಗೆ ಅಧ್ಯಯನ ಪ್ರವಾಸವೂ ಬೇಡ. ಮುಂದಿನ ಸಲ ಫಿನ್ಲೆಂಡಿನ ಬಗ್ಗೆ ಬರೆಯುವವರು ಅಲ್ಲಿನ ಮಕ್ಕಳ ಆಟದ ಬಿಡುವನ್ನು ಎಣಿಸುವ ಮೊದಲು, ನಮ್ಮ ಮಾಸ್ತರನಿಗೆ ಯೋಚಿಸಲು ವಾರಕ್ಕೆ ಎಷ್ಟು ತಾಸು ಸಿಗುತ್ತದೆ ಎಂದು ಒಮ್ಮೆ ಕೇಳಿ ಬಂದರೆ ಒಳಿತು.