ದಪ್ಪ ಪುಸ್ತಕಗಳ ಲೆಕ್ಕಾಚಾರ

ನಮ್ಮೂರಿನ ಮಹಿಳಾ ಸಮಾಜದಲ್ಲಿ ಒಂದು ಕಪಾಟಿದೆ. ತ್ರಿವೇಣಿ, ಎಂ. ಕೆ. ಇಂದಿರಾ, ಅನುಪಮಾ ನಿರಂಜನ ಅವರ ಕಾದಂಬರಿಗಳು ಅದರಲ್ಲಿ ರಟ್ಟು ಕಳಚಿ, ಮತ್ತೆ ಅಂಟಿಸಿಕೊಂಡು ನಿಂತಿವೆ. ಕಳೆದ ವರ್ಷ ವಾರ್ಷಿಕೋತ್ಸವದ ಖರ್ಚು ಕಳೆದು ಐದು ಸಾವಿರ ರೂಪಾಯಿ ಉಳಿಯಿತು. ಸದಸ್ಯೆಯರ ಕಾಲೇಜು ಓದುವ ಹೆಣ್ಣುಮಕ್ಕಳು, "ಈ ಸಲ ನಮಗೂ ಏನಾದರೂ ತರಿಸಿ ಆಂಟಿ" ಎಂದು ನಾಲ್ಕು ಹೆಸರು ಬರೆದ ಚೀಟಿ ಕೊಟ್ಟರು. ನಾಲ್ಕೂ ಇಂಗ್ಲಿಷಿನ 'ಎಪಿಕ್ ಫ್ಯಾಂಟಸಿ' ಸರಣಿಗಳು. ರಾಜರು, ಮಾಂತ್ರಿಕರು, ಬೆಂಕಿಯುಗುಳುವ ಡ್ರ್ಯಾಗನ್‌ಗಳು ಇರುವ, ಒಂದೇ ಕಥೆ ಸಂಪುಟದಿಂದ ಸಂಪುಟಕ್ಕೆ ಹರಿಯುವ ಕಾದಂಬರಿಗಳು. ಎಲ್ಲವನ್ನೂ ಕೊಳ್ಳುವ ಶಕ್ತಿ ಸಮಾಜಕ್ಕಿಲ್ಲ. "ನೀವು ಇಂಗ್ಲಿಷ್ ಟೀಚರಾಗಿದ್ದವರು, ನೀವೇ ಓದಿ ಒಂದು ಆರಿಸಿ" ಎಂದು ಕಾರ್ಯದರ್ಶಿ ಚೀಟಿಯನ್ನು ನನ್ನ ಕೈಗಿಟ್ಟುಬಿಟ್ಟರು.

ಬೆಂಗಳೂರಿನಲ್ಲಿರುವ ಅಕ್ಕನ ಮಗಳ ಮನೆಯಿಂದ ಎರಡು ಚೀಲ ಪುಸ್ತಕ ಹೊತ್ತು ತಂದೆ. ಮಧ್ಯಾಹ್ನದ ಊಟದ ಪಾತ್ರೆ ಮುಗಿದ ಮೇಲೆ, ಸಂಜೆ ಹಾಲಿನವನು ಬರುವ ಮೊದಲು ನನಗೆ ಸಿಗುವುದು ಎರಡು ಗಂಟೆ. ವರ್ಷವಿಡೀ ಆ ಎರಡು ಗಂಟೆಯನ್ನು ಇದಕ್ಕೇ ಕೊಟ್ಟೆ. ಮಹಾಭಾರತ ಕೇಳಿ ಬೆಳೆದ ನಮಗೆ ಇವರೇನು ಹೊಸದು ಹೇಳಿಯಾರು ಎಂಬ ಬಿಗುಮಾನ ಇಟ್ಟುಕೊಂಡೇ ಕೂತಿದ್ದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಮೊದಲು ಟೋಲ್ಕಿನ್ನರ 'ದ ಲಾರ್ಡ್ ಆಫ್ ದ ರಿಂಗ್ಸ್'. 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂತು. ಆದರೆ ಟೋಲ್ಕಿನ್ ಬರೆದದ್ದು ಒಂದೇ ಕಾದಂಬರಿ. ಮಹಾಯುದ್ಧದ ನಂತರದ ದಿನಗಳಲ್ಲಿ ಕಾಗದ ದುಬಾರಿಯಾಗಿ, ಪ್ರಕಾಶಕರು ಅದನ್ನು ಮೂರಾಗಿ ಒಡೆದರು. ಇದರ ದೊಡ್ಡ ಗುಣ ಇರುವುದು ಅಲ್ಲಿಯೇ. ಎಲ್ಲಿ ಮುಗಿಯಬೇಕೆಂದು ತಿಳಿದು ಹೊರಟ ಕಥೆ ಇದು. ಮಹಾವೀರರಿಗೆಲ್ಲ ಅಸಾಧ್ಯವಾದ ಭಾರವನ್ನು ಫ್ರೋಡೊ ಎಂಬ ಕುಳ್ಳ ಹೊತ್ತು ನಡೆಯುತ್ತಾನೆ. ಕೊನೆಯ ಹೆಜ್ಜೆಯಲ್ಲಿ ಅವನೂ ಸೋಲುತ್ತಾನೆ. ಹಿಂದೆಂದೋ ಒಬ್ಬ ದುಷ್ಟನನ್ನು ಕೊಲ್ಲದೆ ಬಿಟ್ಟ ಕರುಣೆಯೇ ಲೋಕವನ್ನು ಉಳಿಸುತ್ತದೆ. ಗೆದ್ದು ಊರಿಗೆ ಬಂದರೆ ಊರೇ ಹಾಳಾಗಿರುತ್ತದೆ. ಇಂಥ ಮಾತು ಹೇಳುವ ಪುಸ್ತಕವನ್ನು ಮಕ್ಕಳ ಕಥೆಯೆಂದು ತಳ್ಳಿಹಾಕುವುದು ನನ್ನಿಂದಾಗಲಿಲ್ಲ.

ಆದರೆ ಇಷ್ಟು ದೊಡ್ಡ ಲೋಕದಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಎಯೊವಿನ್ ಎಂಬ ರಾಜಕುಮಾರಿಯೊಬ್ಬಳಿದ್ದಾಳೆ. ಮುದಿ ರಾಜನ ಸೇವೆಯಲ್ಲಿ ಬೇಸತ್ತು, ಗಂಡುವೇಷ ತೊಟ್ಟು ಯುದ್ಧಕ್ಕೆ ಹೋಗಿ, ಯಾವ ಗಂಡಸಿಗೂ ಬಗ್ಗದ ಶತ್ರುವನ್ನು ಕೊಲ್ಲುತ್ತಾಳೆ. ಆಮೇಲೆ ಕೆಲವೇ ಪುಟಗಳಲ್ಲಿ ಅವಳ ಮನಸ್ಸು ತಿಳಿಯಾಗಿ ಮದುವೆಗೆ ಒಪ್ಪುತ್ತಾಳೆ. ಅಷ್ಟು ವರ್ಷದ ಸಂಕಟಕ್ಕೆ ಅಷ್ಟು ಬೇಗ ಮದ್ದು ಸಿಕ್ಕಿತೇ?

ರಾಬರ್ಟ್ ಜೋರ್ಡನ್ನರ 'ದ ವೀಲ್ ಆಫ್ ಟೈಮ್' 1990ರಲ್ಲಿ ಶುರುವಾಗಿ, 2013ರಲ್ಲಿ 14ನೆಯ ಸಂಪುಟಕ್ಕೆ ಮುಗಿಯಿತು. ಇಲ್ಲಿ ಮಂತ್ರಶಕ್ತಿಯ ಗಂಡುಪಾಲಿಗೆ ವಿಷ ಬೆರೆತಿದೆ. ಅದನ್ನು ಬಳಸಿದ ಗಂಡಸಿಗೆ ಹುಚ್ಚು ಹಿಡಿಯುತ್ತದೆ. ಹಾಗಾಗಿ ಅಧಿಕಾರವೆಲ್ಲ ಮಂತ್ರ ಬಲ್ಲ ಹೆಂಗಸರ ಕೈಯಲ್ಲಿ. ಓದಲು ನನಗೆ ಹಬ್ಬವೆನಿಸಿತು. ನಾಲ್ಕೈದು ಸಂಪುಟವಾಗುವ ಹೊತ್ತಿಗೆ ಹಬ್ಬದ ಊಟ ತಂಗಳಾಯಿತು. ಈ ಹೆಂಗಸರು ಜಡೆ ಎಳೆದುಕೊಳ್ಳುತ್ತಾರೆ, ಲಂಗ ಸರಿಮಾಡಿಕೊಳ್ಳುತ್ತಾರೆ, ಮೂಗು ಮುರಿಯುತ್ತಾರೆ, ಮುಂದಿನ ಸಂಪುಟದಲ್ಲೂ ಅದನ್ನೇ ಮಾಡುತ್ತಾರೆ. ಧಾರಾಳವಾಗಿ ಅಧಿಕಾರ ಕೊಟ್ಟ ಲೇಖಕ, ಸ್ವಭಾವ ಕೊಡುವಾಗ ಕೈ ಬಿಗಿಹಿಡಿದಂತೆ ಕಾಣುತ್ತದೆ. 2003ರ ಹತ್ತನೆಯ ಸಂಪುಟದ ಬಹುಪಾಲು, ಒಂಬತ್ತನೆಯದರ ಕೊನೆಯಲ್ಲಿ ನಡೆದ ಘಟನೆಯ ಹೊತ್ತಿಗೆ ಯಾರು ಯಾರು ಎಲ್ಲೆಲ್ಲಿದ್ದರು ಎಂಬ ವರದಿ. ಕಥೆ ಬೆಳೆಯದೆ ಊದಿಕೊಂಡಿದೆ.

2007ರಲ್ಲಿ ಜೋರ್ಡನ್ ತೀರಿಕೊಂಡರು. ಅವರ ಪುಸ್ತಕಗಳನ್ನು ತಿದ್ದುತ್ತಿದ್ದ ಸಂಪಾದಕಿ ಅವರ ಹೆಂಡತಿಯೇ, ಹ್ಯಾರಿಯೆಟ್ ಮೆಕ್‌ಡೂಗಲ್. ಆಕೆ ಬ್ರಾಂಡನ್ ಸ್ಯಾಂಡರ್ಸನ್ ಎಂಬ ಕಿರಿಯ ಲೇಖಕನನ್ನು ಆರಿಸಿದರು. ಗಂಡ ಬಿಟ್ಟುಹೋದ ಟಿಪ್ಪಣಿಗಳನ್ನು ಆಧರಿಸಿ ಆತ ಕೊನೆಯ ಮೂರು ಸಂಪುಟ ಬರೆದು ಮುಗಿಸಿದ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣ ಕವಿ ಮುಂದುವರಿಸಿದ್ದನ್ನು ಬಲ್ಲ ನಮಗೆ ಇದು ಹೊಸದೇನಲ್ಲ. ಓದುಗರ ಋಣ ತೀರಿಸಿದ ಆ ಹೆಂಗಸಿನ ಮೇಲೆ ಮಾತ್ರ ನನಗೆ ಗೌರವ ಹುಟ್ಟಿತು.

ಆ ಋಣ ತೀರದೆ ಉಳಿದದ್ದು ಜಾರ್ಜ್ ಆರ್. ಆರ್. ಮಾರ್ಟಿನ್ನರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್'. ಮೊದಲನೆಯದು 1996ರಲ್ಲಿ, ಐದನೆಯದು 2011ರಲ್ಲಿ. ಇದನ್ನಾಧರಿಸಿದ ಟೀವಿ ಧಾರಾವಾಹಿ 2019ರಲ್ಲೇ ಮುಗಿಯಿತು. ಆರನೆಯ ಸಂಪುಟಕ್ಕಾಗಿ ಓದುಗರು ಹತ್ತು ವರ್ಷಕ್ಕೂ ಮೀರಿ ಕಾದಿದ್ದಾರೆ. ವಾರಪತ್ರಿಕೆಯ ಧಾರಾವಾಹಿಗೆ ಕಾದು ಬೆಳೆದವರು ನಾವು. ಒಂದು ವಾರ ಕಾಯುವುದರಲ್ಲಿ ರುಚಿಯಿದೆ. ಇಷ್ಟು ವರ್ಷ ಕಾದರೆ ಕಥೆಯ ಎಳೆಯೇ ಮರೆತುಹೋಗುತ್ತದೆ.

ಬರವಣಿಗೆಯ ಬಿಗಿಯಲ್ಲಿ ಮಾತ್ರ ಮಾರ್ಟಿನ್ ಯಾರಿಗೂ ಕಡಿಮೆಯಲ್ಲ. ಒಂದೊಂದು ಅಧ್ಯಾಯವೂ ಒಬ್ಬೊಬ್ಬರ ಕಣ್ಣಿನಿಂದ. ರಾಣಿ ಸೆರ್ಸಿಯನ್ನು ಮೂರು ಸಂಪುಟ ನಾವು ಬೇರೆಯವರ ಕಣ್ಣಿನಲ್ಲಷ್ಟೇ ನೋಡಿ ಶಪಿಸುತ್ತೇವೆ. ನಾಲ್ಕನೆಯದರಲ್ಲಿ ಅವಳ ಮನಸ್ಸಿನೊಳಗೇ ಹೋಗುತ್ತೇವೆ. ಒಳಗೂ ಅವಳೇನು ಒಳ್ಳೆಯವಳಲ್ಲ. ಆದರೆ ಜೊತೆಗೆ ಹುಟ್ಟಿದ ಗಂಡಿಗೆ ಕತ್ತಿ, ತನಗೆ ಮದುವೆ ಎಂಬ ಉರಿ ನಮಗೂ ತಟ್ಟುತ್ತದೆ. ಸರಣಿಯಲ್ಲಿ ಮಾತ್ರ ಆಗಬಹುದಾದ ಕೆಲಸ ಇದು. ಮೂರು ಸಂಪುಟದ ಸಿಟ್ಟು ಕೂಡಿಟ್ಟ ಮೇಲೆಯೇ ಈ ತಿರುವಿಗೆ ಬೆಲೆ. ಆದರೆ ಹೆಣ್ಣಿನ ಮೇಲಿನ ಕ್ರೌರ್ಯ ಮತ್ತೆ ಮತ್ತೆ ಬಂದು, ಕೊನೆಗೆ ಓದುವವರ ಮನಸ್ಸೇ ಜಡ್ಡುಗಟ್ಟುತ್ತದೆ.

ಕೊನೆಗೆ ತೆಗೆದುಕೊಂಡದ್ದು ಅರ್ಸುಲಾ ಲೆ ಗ್ವಿನ್ನರ 'ಅರ್ಥ್‌ಸೀ'. ತೆಳ್ಳಗಿವೆ, ಬೇಗ ಮುಗಿದಾವು ಎಂದು ಕೊನೆಗಿಟ್ಟಿದ್ದೆ. 1968, 1971, 1972ರಲ್ಲಿ ಮೊದಲ ಮೂರು ಸಂಪುಟಗಳು ಬಂದವು. ಗೆಡ್ ಎಂಬ ಹುಡುಗ ಮಹಾ ಮಾಂತ್ರಿಕನಾಗುವ ಕಥೆ. ಅವನು ಕಲಿಯುವ ಮಂತ್ರಶಾಲೆಗೆ ಹುಡುಗಿಯರಿಗೆ ಪ್ರವೇಶವಿಲ್ಲ. ಹೆಂಗಸಿನ ಮಂತ್ರವೆಂದರೆ ಆ ಲೋಕದಲ್ಲಿ ತಾತ್ಸಾರ. ಬರೆದವರು ಹೆಂಗಸಾದರೂ ಹೀಗೆ! ಎರಡನೆಯದರಲ್ಲಿ ಟೆನಾರ್ ಎಂಬ ಹುಡುಗಿ ಕತ್ತಲೆಯ ಗೋರಿಗಳ ಪೂಜಾರಿಣಿಯಾಗಿದ್ದು, ಗೆಡ್‌ನ ಜೊತೆ ಬೆಳಕಿಗೆ ಬರುತ್ತಾಳೆ. ಮೂರನೆಯದರಲ್ಲಿ ಅವಳ ಸುದ್ದಿಯೇ ಇಲ್ಲ.

ಹದಿನೆಂಟು ವರ್ಷ ಬಿಟ್ಟು, 1990ರಲ್ಲಿ ಲೆ ಗ್ವಿನ್ ಅದೇ ಲೋಕಕ್ಕೆ ಮರಳಿ 'ಟೆಹಾನು' ಬರೆದರು. ಟೆನಾರ್ ಈಗ ರೈತನ ವಿಧವೆ, ಬೆಳೆದ ಇಬ್ಬರು ಮಕ್ಕಳ ತಾಯಿ. ತನ್ನವರೇ ಹಿಂಸಿಸಿ ಬೆಂಕಿಗೆ ನೂಕಿದ ಒಂದು ಮಗುವನ್ನು ಸಾಕುತ್ತಿದ್ದಾಳೆ. ಶಕ್ತಿಯೆಲ್ಲ ಕಳೆದುಕೊಂಡ ಗೆಡ್ ಬಂದು ಮೇಕೆ ಕಾಯುತ್ತಾನೆ. ಲೇಖಕಿ ಹಳೆಯದನ್ನು ಅಳಿಸಲಿಲ್ಲ. ಅದೇ ಲೋಕವನ್ನು ಅಡುಗೆಮನೆಯ ಕಡೆಯಿಂದ ನೋಡಿದರು, ಅಷ್ಟೆ.

ಕಡಲಿಗೆ ಹೋಗಿದ್ದ ಮಗ ಮನೆಗೆ ಬರುತ್ತಾನೆ. ಉಂಡ ತಟ್ಟೆ ಎತ್ತು ಎಂದರೆ, ಅದು ಹೆಂಗಸರ ಕೆಲಸ ಎಂದು ಎದ್ದು ಹೋಗುತ್ತಾನೆ. ಹೊಲ ಮನೆಯೆಲ್ಲ ಆ ನಾಡಿನ ಕಟ್ಟಳೆಯಂತೆ ಮಗನದು. ಅವನನ್ನು ಹೀಗೆ ಬೆಳೆಸಿದ್ದು ತನ್ನದೇ ಸೋಲು ಎಂದುಕೊಳ್ಳುತ್ತಾಳೆ ಟೆನಾರ್. ಆ ಪುಟದಲ್ಲಿ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ನನ್ನ ಮಗನಿಗೆ ಮೂವತ್ತೊಂದು. ಒಳ್ಳೆಯ ಹುಡುಗ, ಒಂದು ದಿನ ಗಟ್ಟಿಯಾಗಿ ಮಾತಾಡಿದವನಲ್ಲ. ಅವನ ತಟ್ಟೆ ಇವತ್ತಿಗೂ ಮೇಜಿನ ಮೇಲೇ ಉಳಿಯುತ್ತದೆ. ಚಿಕ್ಕವನಿದ್ದಾಗ ಒಂದೆರಡು ಸಲ ಎತ್ತಲು ಬಂದಿದ್ದ. "ಇಡೋ, ನಾನು ತೆಗೀತೀನಿ" ಎಂದವಳು ನಾನೇ.

'ಟೆಹಾನು'ವಿಗೆ ಕೊರತೆಯಿಲ್ಲವೆಂದಲ್ಲ. ಕೇಡಿಗರು ಬರೀ ಕೇಡಿಗರು. ಬದುಕಿನ ನೋವಿಗೆ ಮಂತ್ರದಲ್ಲಿ ಪರಿಹಾರವಿಲ್ಲ ಎಂದು ಪುಸ್ತಕವಿಡೀ ಹೇಳಿ, ಕೊನೆಗೆ ಡ್ರ್ಯಾಗನ್ ಬಂದು ದುಷ್ಟರನ್ನು ಸುಟ್ಟುಬಿಡುತ್ತದೆ. 2001ರಲ್ಲಿ ಬಂದ ಇನ್ನೆರಡು ಪುಸ್ತಕಗಳಲ್ಲಿ ಲೆ ಗ್ವಿನ್ ಇನ್ನಷ್ಟು ಗಂಟು ಬಿಚ್ಚಿದರು. ಆರಕ್ಕೆ ಮುಗಿಸಿದರು.

ವರ್ಷದ ಓದಿನಲ್ಲಿ ನನಗೆ ಸಿಕ್ಕ ಅಳತೆಗೋಲು ಇದು. ಸರಣಿಯ ಪ್ರತಿ ಹೊಸ ಸಂಪುಟಕ್ಕೂ ಒಂದು ಪ್ರಶ್ನೆ ಕೇಳಬೇಕು: ನೀನು ಹಿಂದಿನದಕ್ಕೆ ಬರೀ ಪುಟ ಕೂಡಿಸಿದೆಯಾ, ಅದನ್ನು ಬೇರೆ ಕಣ್ಣಿನಿಂದ ನೋಡುವ ಹಾಗೆ ಮಾಡಿದೆಯಾ?

ಸಭೆಯಲ್ಲಿ 'ಅರ್ಥ್‌ಸೀ' ಎಂದೆ. ಉಳಿದ ಹಣಕ್ಕೆ ಟೋಲ್ಕಿನ್. "ಅಷ್ಟು ತೆಳು ಪುಸ್ತಕಕ್ಕೆ ಇಷ್ಟು ದುಡ್ಡಾ?" ಎಂದು ಕಾರ್ಯದರ್ಶಿ ಗೊಣಗಿದರು. ಹುಡುಗಿಯರಿಗೂ ಪೂರ್ತಿ ಸಮಾಧಾನವಾಗಲಿಲ್ಲ. ಪುಸ್ತಕ ಬಂದ ವಾರವೇ, ಬ್ಯಾಂಕಿನಿಂದ ನಿವೃತ್ತರಾದ ಸದಸ್ಯೆಯೊಬ್ಬರು ನೇರವಾಗಿ ನಾಲ್ಕನೆಯದಕ್ಕೇ ಕೈಹಾಕಿದರು. "ನನಗೆ ಮಾಂತ್ರಿಕನ ಕಥೆ ಬೇಡಮ್ಮ, ಆ ವಿಧವೆ ಏನು ಮಾಡಿದಳು ಅಂತ ತಿಳೀಬೇಕು" ಎಂದರು. ನಾನು ಬಿಡಲಿಲ್ಲ. ಮೊದಲ ಮೂರನ್ನು ಓದದಿದ್ದರೆ ಅವಳು ಎಲ್ಲಿಂದ ಎಲ್ಲಿಗೆ ಬಂದಳೆಂದು ಗೊತ್ತಾಗುವುದಿಲ್ಲ ಎಂದು ಹೇಳಿ, ಒಂದನೆಯ ಸಂಪುಟವನ್ನು ಅವರ ಹೆಸರಿಗೆ ಬರೆದುಕೊಂಡೆ.

ತಟ್ಟೆಯ ವಿಷಯ ಮಗನಿಗೆ ಇನ್ನೂ ಹೇಳಿಲ್ಲ. ಹೇಳಬೇಕು.