5ಕ್ಕೆ 4.8

ಆಫೀಸಿನ ವರ್ಕ್‌ಶಾಪು ಅಂದ ಕೂಡಲೇ ನನಗೆ ನೆನಪಾಗುವುದು ಸ್ಪಗೆಟ್ಟಿ. 20 ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ, ಒಂದು ಮಾರ್ಷ್‌ಮ್ಯಾಲೋ. 18 ನಿಮಿಷದೊಳಗೆ ಗೋಪುರ ಕಟ್ಟಿ ಅದರ ನೆತ್ತಿಯ ಮೇಲೆ ಆ ಮೆತ್ತನೆ ಮಿಠಾಯಿ ಕೂರಿಸಬೇಕು. ನಾನು ಮೂರು ಕಂಪನಿ ಬದಲಿಸಿದ್ದೇನೆ, ಈ ಗೋಪುರವನ್ನು ನಾಲ್ಕು ಸಲ ಕಟ್ಟಿದ್ದೇನೆ. ಪ್ರತಿ ಸಲವೂ ಕೊನೆಗೆ ಬರುವ ನೀತಿ ಒಂದೇ: ಚಿಕ್ಕದಾಗಿ ಮಾಡಿ ನೋಡಿ, ತಪ್ಪು ಬೇಗ ಗೊತ್ತಾಗಲಿ, ತಿದ್ದಿಕೊಳ್ಳಿ. ನೀತಿಯಲ್ಲಿ ತಪ್ಪೇನಿಲ್ಲ. ಆದರೆ ಮರುದಿನ ಅದೇ ಟೀಮು ಆರು ವಾರದ ಕೋಡನ್ನು ಒಂದೇ ಏಟಿಗೆ ರಿಲೀಸ್ ಮಾಡುತ್ತದೆ.

ಹೀಗೆ ಆಡಿಕೊಳ್ಳೋದು ಸುಲಭ ಬಿಡಿ. ಹೋದ ವರ್ಷ ಆ ಕೆಲಸ ನನ್ನ ತಲೆಗೇ ಬಂತು. "ರಾತ್ರಿ ಪ್ರೊಡಕ್ಷನ್ ಬಿದ್ದಾಗ ಏನು ಮಾಡಬೇಕು ಅಂತ ನಮ್ಮ ಟೀಮಿಗೆ ಒಂದು ದಿನದ ವರ್ಕ್‌ಶಾಪ್ ಮಾಡಿ. ಎಂಗೇಜಿಂಗ್ ಆಗಿರ್ಲಿ" ಅಂದರು ಮ್ಯಾನೇಜರ್. ಮಾಡಿದೆ. ಸಿನಿಮಾ ಡೈಲಾಗ್ ಹಾಕಿದ ಸ್ಲೈಡು, ಮೊಬೈಲಿನಲ್ಲಿ ಆಡುವ ಕ್ವಿಜ್ಜು, ಗೆದ್ದವರಿಗೆ ಮೈಸೂರು ಪಾಕು. ಸಂಜೆ ಫೀಡ್‌ಬ್ಯಾಕ್ ಫಾರಮ್ಮಿನಲ್ಲಿ 5ಕ್ಕೆ 4.8 ಬಂತು. ಮ್ಯಾನೇಜರ್ ಅದನ್ನು ಮೇಲಿನವರಿಗೆಲ್ಲ ಮೇಲ್ ಮಾಡಿದರು. ನಾನೂ ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದೆ.

ಮೂರನೇ ವಾರ, ರಾತ್ರಿ ಎರಡೂ ಕಾಲಿಗೆ ಪೇಮೆಂಟ್ ಸರ್ವಿಸ್ ಬಿತ್ತು. ಡ್ಯೂಟಿಯಲ್ಲಿದ್ದದ್ದು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಹುಡುಗಿ. ನನ್ನ ಕ್ವಿಜ್ಜಿನಲ್ಲಿ ಮೈಸೂರು ಪಾಕು ಗೆದ್ದವಳು ಅವಳೇ. ರೋಲ್‌ಬ್ಯಾಕ್ ಅಂದರೇನು ಅಂತ ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದಳು. ಮೊದಲು ಯಾವ ಲಾಗ್ ನೋಡಬೇಕು, ಯಾರನ್ನು ಎಬ್ಬಿಸಬೇಕು, ತಾನೇ ರೋಲ್‌ಬ್ಯಾಕ್ ಮಾಡಬಹುದಾ? ಅದು ಗೊತ್ತಾಗಲಿಲ್ಲ. 47 ನಿಮಿಷ ಒಬ್ಬಳೇ ಒದ್ದಾಡಿ ಆಮೇಲೆ ನನಗೆ ಫೋನ್ ಮಾಡಿದಳು. "ಸಾರಿ ಸರ್, ಮಲಗಿರ್ತೀರಲ್ಲ ಅಂತ ಎಬ್ಬಿಸ್ಲಿಲ್ಲ" ಅಂದಳು. ಮಾರನೇ ದಿನ ಮೀಟಿಂಗಿನಲ್ಲಿ ಪ್ರಶ್ನೆಗಳೆಲ್ಲ ಅವಳ ಕಡೆಗೇ ಹೋದವು. "ಟ್ರೇನಿಂಗ್ ಕೊಟ್ಟಿದ್ವಲ್ಲ?" ಅಂತ ಯಾರೋ ಕೇಳಿದರು. ನಾನು ಸುಮ್ಮನೆ ಕೂತಿದ್ದೆ. ಇವತ್ತಿಗೂ ಆ ಮೌನ ನನ್ನನ್ನು ಚುಚ್ಚುತ್ತದೆ.

ಹಾಗಾದರೆ ಆ 4.8 ಏನನ್ನು ಅಳೆದಿತ್ತು? ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿದ್ದರು: ಜನಕ್ಕೆ ಇಷ್ಟವಾಯಿತಾ, ಕಲಿತರಾ, ಕೆಲಸದ ರೀತಿ ಬದಲಾಯಿತಾ, ಅದರಿಂದ ಫಲ ಸಿಕ್ಕಿತಾ. ನಾವು ಮೊದಲ ಮೆಟ್ಟಿಲ ಮೇಲೆ ನಿಂತು ಸೆಲ್ಫಿ ತೆಗೆದುಕೊಂಡು ವಾಪಸ್ ಬರುತ್ತೇವೆ.

ಆ ಮೊದಲ ಮೆಟ್ಟಿಲೂ ದಾರಿ ತಪ್ಪಿಸಬಹುದು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಸೊಗಸಾದ ಉಪನ್ಯಾಸ, ಇನ್ನೊಂದು ಗುಂಪಿಗೆ ತಾವೇ ಲೆಕ್ಕ ಬಿಡಿಸುತ್ತಾ ತಿಣುಕುವ ತರಗತಿ. ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದವರು ತಿಣುಕಿದವರು. ಆದರೆ 'ಹೆಚ್ಚು ಕಲಿತೆವು' ಅಂದುಕೊಂಡವರು ಉಪನ್ಯಾಸ ಕೇಳಿದವರು! ತಲೆಗೆ ಕೆಲಸ ಬಿದ್ದಾಗ ಆಗುವ ಕಷ್ಟವನ್ನು ನಾವು 'ಏನೂ ಅರ್ಥವಾಗಲಿಲ್ಲ' ಅಂತ ಓದಿಕೊಳ್ಳುತ್ತೇವೆ. ಅಂದಮೇಲೆ ಸಂಜೆಯ ಅಂಕಕ್ಕಾಗಿ ಕಟ್ಟಿದ ವರ್ಕ್‌ಶಾಪು ಮೊದಲು ಕಿತ್ತು ಹಾಕುವುದು ಆ ಕಷ್ಟವನ್ನೇ. ನಾನೂ ಅದನ್ನೇ ಮಾಡಿದ್ದೆ.

ಇನ್ನೊಂದು ತಪ್ಪೊಪ್ಪಿಗೆ. ನನ್ನ ಸ್ಲೈಡುಗಳಲ್ಲಿ ಆ ಪ್ರಸಿದ್ಧ ಪಿರಮಿಡ್ಡೂ ಇತ್ತು: ಓದಿದ್ದರಲ್ಲಿ ಶೇ 10 ನೆನಪಿರುತ್ತದೆ, ಮಾಡಿದ್ದರಲ್ಲಿ ಶೇ 90. ನೀವೂ ನೋಡಿರ್ತೀರಿ. ಅದಕ್ಕೆ ಸಾಮಾನ್ಯವಾಗಿ ಎಡ್ಗರ್ ಡೇಲ್ ಹೆಸರು ಅಂಟಿಸುತ್ತಾರೆ. ಆತ 1946ರ ತನ್ನ ಪುಸ್ತಕದಲ್ಲಿ ಒಂದು ಶಂಕು ಬರೆದದ್ದು ನಿಜ, ಆದರೆ ಅದರಲ್ಲಿ ಈ ಶೇಕಡಾ ಲೆಕ್ಕ ಇರಲೇ ಇಲ್ಲ. ಕೋಡ್ ರಿವ್ಯೂನಲ್ಲಿ ಒಂದು ಸಾಲಿಗೂ ಆಧಾರ ಕೇಳುವ ನಾನು ಆ ಸ್ಲೈಡನ್ನು ಕಾಪಿ ಮಾಡುವಾಗ ಯಾರನ್ನೂ ಏನೂ ಕೇಳಿರಲಿಲ್ಲ.

ಹಾಗಂತ ಆಟವೇ ಬೇಡ, ನಗುವೇ ಬೇಡ ಅಂತಲ್ಲ. ಊರಿನ ಬಾವಿಯಲ್ಲಿ ಈಜು ಕಲಿಯುವಾಗ ನಮ್ಮ ಸೊಂಟಕ್ಕೆ ಬೆಂಡು ಕಟ್ಟುತ್ತಿದ್ದರು. ಅದಿಲ್ಲದಿದ್ದರೆ ಹೆದರಿಕೆಗೆ ನೀರಿಗೇ ಇಳಿಯುತ್ತಿರಲಿಲ್ಲ. ನಗುವೂ ಹಾಗೇ, "ನಂಗೆ ಗೊತ್ತಿಲ್ಲ" ಅಂತ ಹತ್ತು ಜನರ ಮುಂದೆ ಹೇಳುವಷ್ಟು ಧೈರ್ಯ ಕೊಡುತ್ತದೆ. ಆದರೆ ನಾನು ಇಡೀ ದಿನ ಎಲ್ಲರಿಗೂ ಬೆಂಡು ಕಟ್ಟಿ ದಡದಲ್ಲೇ ಕೂರಿಸಿದ್ದೆ.

ಎರಡನೇ ಸಲ ಬೇರೆ ಥರ ಮಾಡಿದೆ. ಗೂಗಲ್‌ನವರು 2016ರಲ್ಲಿ ತಂದ ಎಸ್‌ಆರ್‌ಇ ಪುಸ್ತಕದಲ್ಲಿ 'ವೀಲ್ ಆಫ್ ಮಿಸ್‌ಫಾರ್ಚೂನ್' ಅನ್ನುವ ಅಭ್ಯಾಸವಿದೆ. ಹಿಂದೆ ನಿಜವಾಗಿ ನಡೆದ ಒಂದು ಅವಘಡವನ್ನು ಆಡಿಸುವುದು. ನಡೆಸುವವನು "ಈ ಅಲರ್ಟ್ ಬಂದಿದೆ" ಅನ್ನುತ್ತಾನೆ, ಎದುರಿಗಿರುವವರು "ಈ ಗ್ರಾಫ್ ನೋಡ್ತೀನಿ" ಅನ್ನುತ್ತಾರೆ, ಅಲ್ಲಿ ಏನು ಕಾಣುತ್ತದೆ ಅಂತ ಅವನು ಹೇಳುತ್ತಾ ಹೋಗುತ್ತಾನೆ. ಇಡೀ ದಿನದ ಬದಲು ಎರಡು ವಾರಕ್ಕೊಮ್ಮೆ ಒಂದು ಗಂಟೆ ಇಟ್ಟೆವು. ಮೊದಲು ಆಡಿಸಿದ್ದು ಆ ಪೇಮೆಂಟ್ ಸರ್ವಿಸ್ ಕಥೆಯನ್ನೇ, ಕುರ್ಚಿಯಲ್ಲಿ ಕೂತದ್ದು ಹತ್ತು ವರ್ಷ ಅನುಭವದ ಸೀನಿಯರ್. ಅವನೂ ಅರ್ಧ ಗಂಟೆ ತಡಕಾಡಿದ. ಕಾರಣ ಹೊರಗೆ ಬಂತು: ರೋಲ್‌ಬ್ಯಾಕ್‌ಗೆ ಯಾರ ಒಪ್ಪಿಗೆ ಬೇಕು ಅಂತ ನಾವು ಎಲ್ಲೂ ಬರೆದೇ ಇರಲಿಲ್ಲ. ಆ ಹುಡುಗಿಯ ಮುಂದೆ, ಎಲ್ಲರ ಎದುರಿಗೆ, ತಪ್ಪು ನನ್ನ ವರ್ಕ್‌ಶಾಪಿನದ್ದು ಅಂತ ಅವತ್ತು ಹೇಳಿದೆ. ತಡವಾಗಿತ್ತು, ಆದರೂ ಹೇಳಿದೆ.

ಈಗ ನನ್ನ ಅಂಕ 3.9. "ಟೆನ್ಷನ್ ಆಗುತ್ತೆ" ಅಂತ ಒಬ್ಬರು ಬರೆದಿದ್ದಾರೆ. ಹೋದ ತಿಂಗಳು ರಾತ್ರಿ ಮತ್ತೆ ಒಂದು ಸರ್ವಿಸ್ ಬಿದ್ದಾಗ ಡ್ಯೂಟಿಯಲ್ಲಿದ್ದದ್ದು ಅವಳೇ. ಹನ್ನೊಂದನೇ ನಿಮಿಷಕ್ಕೆ ಫೋನ್ ಬಂತು: "ರೋಲ್‌ಬ್ಯಾಕ್ ಮಾಡಿದೀನಿ ಸರ್, ಒಂದ್ಸಲ ನೋಡ್ತೀರಾ?"

ಹಾಗಾಗಿ ಮುಂದಿನ ಸಲ ನಿಮಗೆ ವರ್ಕ್‌ಶಾಪಿನ ಇನ್ವೈಟ್ ಬಂದರೆ, ಅಥವಾ ಅದನ್ನು ಮಾಡುವ ಪಾಳಿ ನಿಮ್ಮದೇ ಆದರೆ, ಮೊದಲು ಒಂದು ಪ್ರಶ್ನೆ ಕೇಳಿ: ಮೂರು ವಾರ ಆದ್ಮೇಲೆ ಇಲ್ಲಿ ಕೂತವರು ಯಾವ ಕೆಲಸವನ್ನು ಬೇರೆ ಥರ ಮಾಡಬೇಕು? ಉತ್ತರ ಇಲ್ಲದಿದ್ದರೆ ಎಲ್ಲರನ್ನೂ ಊಟಕ್ಕೆ ಕರೆದುಕೊಂಡು ಹೋಗಿ. ಅದೂ ಒಳ್ಳೆಯದೇ. ಅದಕ್ಕೆ ತರಬೇತಿ ಅಂತ ಮಾತ್ರ ಹೆಸರಿಡಬೇಡಿ. ನಾಳೆ ಅದೇ ಹೆಸರು ಹೇಳಿ ಯಾರನ್ನೋ ಪ್ರಶ್ನೆ ಕೇಳುತ್ತಾರೆ.