ಬದಲಿ ಸೂಚಕಗಳನ್ನು ಎಷ್ಟು ನಂಬಬಹುದು?

ಕ್ಯಾನ್ಸರಿನ ಹೊಸ ಔಷಧಿ ರೋಗಿಯ ಆಯುಷ್ಯವನ್ನು ಹೆಚ್ಚಿಸುತ್ತದೆಯೇ? ಇದಕ್ಕೆ ಉತ್ತರ ಸಿಗಲು ಹಲವು ವರ್ಷ ಕಾಯಬೇಕು. ಆದ್ದರಿಂದ ಸಂಶೋಧಕರು ಬೇಗ ಅಳೆಯಬಹುದಾದ ಸಂಗತಿಗಳನ್ನು ಆಯುಷ್ಯದ ಬದಲಿಗೆ ಬಳಸುತ್ತಾರೆ. ಗಡ್ಡೆ ಕುಗ್ಗಿತೇ, ರೋಗ ಉಲ್ಬಣಿಸದೆ ಎಷ್ಟು ತಿಂಗಳು ಕಳೆದವು ಎಂಬಂಥವು ಇಂತಹ ಬದಲಿ ಸೂಚಕಗಳು. ರೋಗ ಹತೋಟಿಯಲ್ಲಿರುವವರು ಹೆಚ್ಚು ಕಾಲ ಬದುಕುತ್ತಾರೆ. ಆದ್ದರಿಂದ ರೋಗವನ್ನು ಹತೋಟಿಯಲ್ಲಿಡುವ ಔಷಧಿ ಆಯುಷ್ಯವನ್ನೂ ಹೆಚ್ಚಿಸುತ್ತದೆ ಎಂಬುದು ಇಲ್ಲಿನ ತರ್ಕ. ಈ 'ಆದ್ದರಿಂದ' ಎಂಬಲ್ಲಿಯೇ ತೊಡಕಿದೆ.

ನಿಮ್ಮ ಶಾಲೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರು ಸಾಮಾನ್ಯವಾಗಿ ವಾರ್ಷಿಕ ಪರೀಕ್ಷೆಯಲ್ಲೂ ಮುಂದಿರುತ್ತಾರೆ. ಹಾಗೆಂದು ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಗಳನ್ನು ಮೊದಲೇ ಹೇಳಿಕೊಟ್ಟರೆ ಏನಾದೀತು? ಆ ಅಂಕಗಳು ಏರುತ್ತವೆ. ವಾರ್ಷಿಕ ಫಲಿತಾಂಶ ಇದ್ದಲ್ಲೇ ಇರುತ್ತದೆ.

ಸ್ತನ ಕ್ಯಾನ್ಸರಿನಲ್ಲಿ ಬೆವಾಸಿಜುಮ್ಯಾಬ್ ಔಷಧಿಯ ಕಥೆ ಹೀಗೆಯೇ ಆಯಿತು. ಇ2100 ಎಂಬ ಪ್ರಯೋಗದಲ್ಲಿ, ಬೇರೆ ಅಂಗಗಳಿಗೆ ಹರಡಿದ ಸ್ತನ ಕ್ಯಾನ್ಸರ್ ಇದ್ದವರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಇದನ್ನೂ ಕೊಟ್ಟಾಗ, ರೋಗ ಉಲ್ಬಣಿಸದ ಅವಧಿಯ ಮಧ್ಯಾಂಕ 5.9 ತಿಂಗಳಿನಿಂದ 11.8 ತಿಂಗಳಿಗೆ ಏರಿತು. ಸರಿಯಾಗಿ ದುಪ್ಪಟ್ಟು! ಆದರೆ ಒಟ್ಟು ಬದುಕಿದ ಅವಧಿ 25.2 ತಿಂಗಳಿನಿಂದ 26.7 ತಿಂಗಳಿಗಷ್ಟೇ ಏರಿತು. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2008ರಲ್ಲಿ ಈ ಬಳಕೆಗೆ ತ್ವರಿತ ಅನುಮತಿ ನೀಡಿತು. ಮುಂದಿನ ಪ್ರಯೋಗಗಳಲ್ಲೂ ಆಯುಷ್ಯ ಹೆಚ್ಚಲಿಲ್ಲ. ರಕ್ತಸ್ರಾವ, ತೀವ್ರ ರಕ್ತದೊತ್ತಡದಂತಹ ಅಪಾಯಗಳೂ ಇದ್ದವು. 2011ರಲ್ಲಿ ಆ ಅನುಮತಿ ರದ್ದಾಯಿತು.

ಹಾಗಾದರೆ ಸೂಚಕವನ್ನು ಒರೆಗೆ ಹಚ್ಚುವುದು ಹೇಗೆ? ಚಿಕಿತ್ಸೆ ಆಯುಷ್ಯದ ಮೇಲೆ ಬೀರುವ ಪರಿಣಾಮವೆಲ್ಲ ಸೂಚಕದ ಮೂಲಕವೇ ಹಾದುಬರಬೇಕು ಎಂದು ರಾಸ್ ಪ್ರೆಂಟಿಸ್ 1989ರಲ್ಲಿ ವಿಧಿಸಿದರು. ವಿಚಾರ ಸರಿ, ಆದರೆ ಒಂದೇ ಪ್ರಯೋಗದಿಂದ ಇದನ್ನು ಸಾಧಿಸಿ ತೋರಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಮಾರ್ಕ್ ಬೈಸ್, ಗೀರ್ಟ್ ಮೋಲೆನ್‌ಬರ್ಗ್ಸ್ ಮೊದಲಾದವರು 2000ರಲ್ಲಿ ಸೂಚಿಸಿದ ವಿಧಾನ ಹೆಚ್ಚು ಉಪಯುಕ್ತ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ, ಒಂದೊಂದನ್ನೂ ನಕ್ಷೆಯಲ್ಲಿ ಒಂದು ಬಿಂದುವಾಗಿ ಗುರುತಿಸಿ. ಅಡ್ಡ ಅಕ್ಷದಲ್ಲಿ ಸೂಚಕದ ಮೇಲಿನ ಪರಿಣಾಮ, ಲಂಬ ಅಕ್ಷದಲ್ಲಿ ಆಯುಷ್ಯದ ಮೇಲಿನ ಪರಿಣಾಮ ಇರಲಿ. ಬಿಂದುಗಳು ಒಂದು ಸರಳರೇಖೆಯ ಹತ್ತಿರ ಕೂತರೆ ಮಾತ್ರ ಸೂಚಕ ನಂಬಿಕೆಗೆ ಅರ್ಹ.

ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಇದು ಫಲಿಸಿತು. ಶಸ್ತ್ರಚಿಕಿತ್ಸೆಯ ನಂತರ ಔಷಧಿ ಕೊಟ್ಟ 18 ಪ್ರಯೋಗಗಳ 20,898 ರೋಗಿಗಳ ವಿಶ್ಲೇಷಣೆ 2005ರಲ್ಲಿ ಪ್ರಕಟವಾಯಿತು. 3 ವರ್ಷ ರೋಗ ಮರುಕಳಿಸದಿರುವುದು 5 ವರ್ಷ ಬದುಕುಳಿಯುವುದಕ್ಕೆ ಒಳ್ಳೆಯ ಸೂಚಕವೆಂದು ಅದು ತೋರಿಸಿತು. ಆದರೆ ಈ ತೀರ್ಮಾನ ಆ ರೋಗಕ್ಕೆ, ಆ ಹಂತಕ್ಕೆ, ಆ ಬಗೆಯ ಔಷಧಿಗಳಿಗೆ ಸೀಮಿತ. ಅದನ್ನು ಸ್ತನ ಕ್ಯಾನ್ಸರಿಗೆ ಎರವಲು ತರುವಂತಿಲ್ಲ.

ಬದಲಿ ಸೂಚಕಗಳನ್ನು ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ಕಾಯಲು ಸಮಯವಿಲ್ಲದ ರೋಗಿಗಳಿಗೆ ಅವು ಬೇಕೇ ಬೇಕು. ಆದರೆ ಹೊಸ ಔಷಧಿ ರೋಗವನ್ನು ದುಪ್ಪಟ್ಟು ಕಾಲ ತಡೆಯಿತೆಂದು ಓದಿದಾಗ ಈ ಪ್ರಶ್ನೆಗಳನ್ನು ಕೇಳಿ, ವಿದ್ಯಾರ್ಥಿಗಳಿಂದಲೂ ಕೇಳಿಸಿ: ಅಳೆದದ್ದು ಏನನ್ನು? ಅದು ಆಯುಷ್ಯದ ಸೂಚಕವೆಂದು ಇದೇ ರೋಗದಲ್ಲಿ, ಎಷ್ಟು ಪ್ರಯೋಗಗಳಿಂದ ಸಿದ್ಧವಾಗಿದೆ? ರೋಗಿ ನಿಜಕ್ಕೂ ಹೆಚ್ಚು ಕಾಲ, ಇಲ್ಲವೇ ಹೆಚ್ಚು ನೆಮ್ಮದಿಯಿಂದ ಬದುಕಿದನೇ?